ಕಂದೀಲು ಕೋಟೆಗೆ ಹೊರಟ ಮೂವರು

ಕಲಬುರಗಿಯ ಜಗತ್ ಸರ್ಕಲ್ಲಿನ ಹಿಂದಿನ ಓಣಿಯಲ್ಲಿ, ಒಂದು ಚಷ್ಮಾದಂಗಡಿಯ ಮೇಲಿನ ಮಹಡಿಯಲ್ಲಿ ಕೂತು ಸುನಂದಾ ಊರವರ ಹಲ್ಲು ಮಾಡುತ್ತಾಳೆ. ಡಾಕ್ಟರರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಅದರೊಳಗೆ ಪ್ಲಾಸ್ಟರ್ ಹೊಯ್ದು, ಗುಲಾಬಿ ಬಣ್ಣದ ಒಸಡು ಕೂಡಿಸಿ, ಒಂದೊಂದೇ ಹಲ್ಲು ಜೋಡಿಸಿ ಸೆಟ್ಟು ಮಾಡಿ ಕೊಡುವುದು ಅವಳ ಕೆಲಸ. ಈ ಊರಿನ ಮದುವೆ ಮನೆಗಳಲ್ಲಿ ಫೋಟೊಕ್ಕೆ ನಿಂತು ನಗುವ ಹಿರಿಯರಲ್ಲಿ ಎಷ್ಟೋ ಜನ ನಗುವುದು ಅವಳ ಕೈಯ ಹಲ್ಲಿನಿಂದ. ಅವರಲ್ಲಿ ಒಬ್ಬರಿಗೂ ಅವಳ ಮುಖ ಗೊತ್ತಿಲ್ಲ. ಹಲ್ಲು ಒಸಡಿಗೆ ಚುಚ್ಚಿದರೆ ಬೈಗುಳ ಮಾತ್ರ ಡಾಕ್ಟರರ ಮೂಲಕ ತಪ್ಪದೆ ಬಂದು ಮುಟ್ಟುತ್ತದೆ.

ವಯಸ್ಸು ಮೂವತ್ತೈದರ ಆಚೀಚೆ. ಮದುವೆ ಯಾಕಾಗಲಿಲ್ಲ ಎಂದು ಕೇಳುವವರಿಗೆ ಉತ್ತರ ಕೊಟ್ಟು ಕೊಟ್ಟು ಅವಳಿಗೆ ಸಾಕಾಗಿದೆ. ಆ ಉತ್ತರ ಇಲ್ಲಿಯೂ ಬೇಡ. ಊರಂಚಿನ ಕೋಟನೂರಿನಲ್ಲಿ ಒಂದು ಖೋಲಿಯ ಬಾಡಿಗೆ ಮನೆ. ಸಂಜೆ ಬಂದು ಬೀಗ ತೆಗೆದರೆ ಬೆಳಿಗ್ಗೆ ಇಟ್ಟ ಚಹಾದ ಕಪ್ಪು ಇಟ್ಟಲ್ಲೇ ಇರುತ್ತದೆ. ಅದನ್ನು ಸರಿಸುವುದಕ್ಕೂ ಮನೆಯಲ್ಲಿ ಇನ್ನೊಬ್ಬರು ಬೇಕಲ್ಲ. ಪಕ್ಕದ ಮನೆಯವರು ಜಗಳವಾಡಿದರೆ ಅವಳು ಟಿವಿ ಸಣ್ಣ ಮಾಡಿ ಕೇಳುತ್ತಾಳೆ. ಕೆಟ್ಟ ಕುತೂಹಲವೇನೂ ಅಲ್ಲ, ಮನುಷ್ಯರ ದನಿ ಎಂದು ಅಷ್ಟೇ.

ಲ್ಯಾಬಿನಲ್ಲಿ ಒಸಡು ಮಾಡಿ ಉಳಿದ ಗುಲಾಬಿ ಪುಡಿಯನ್ನು ಅವಳು ಚೆಲ್ಲುವುದಿಲ್ಲ. ಅದರಲ್ಲಿ ಹೆಬ್ಬೆರಳಿನಷ್ಟು ಎತ್ತರದ ಮೂರು ಗೊಂಬೆ ಮಾಡಿದ್ದಾಳೆ. ಕೈಯಲ್ಲಿ ಕತ್ತಿ ಹಿಡಿದವಳು ಒಬ್ಬಳು, ಹೆಗಲ ಮೇಲೆ ಕುದುರೆಯ ಲಗಾಮು ಹಾಕಿಕೊಂಡವಳು ಒಬ್ಬಳು, ನೆಲಕ್ಕೆ ಕಿವಿಗೊಟ್ಟು ಕೂತವಳು ಇನ್ನೊಬ್ಬಳು. ಮೂವರ ಮೈಯೂ ಒಸಡಿನ ಬಣ್ಣ. ಹಲ್ಲಿನ ಬಿಳಿಯಿಂದಲೇ ಎರಡು ದಾಳ ಕೂಡ ಮಾಡಿದ್ದಾಳೆ. ಕೈಯಲ್ಲಿ ಹಿಡಿದರೆ ಯಾರದೋ ದವಡೆ ಹಲ್ಲು ಹಿಡಿದಂತೆ ಅನಿಸುತ್ತದೆ ಎಂದು ಅವಳ ಗೆಳತಿಯರು ಮೊದಲ ದಿನ ಮುಖ ಸಿಂಡರಿಸಿದ್ದರು.

ಆ ಗೆಳತಿಯರ ಕಥೆ ಶುರುವಾದದ್ದು ಕುಸನೂರ ರೋಡಿನಲ್ಲಿ. ನಾಲ್ಕು ಜನ ಓದುವ ಹುಡುಗಿಯರು ಒಂದು ಖೋಲಿ ಹಿಡಿದಿದ್ದರು: ಸುನಂದಾ, ಪ್ರೀತಿ, ಅಫ್ಶೀನ್, ಹಲೀಮಾ. ಪ್ರೀತಿಗೆ ಕಂಪ್ಯೂಟರ್ ಗೇಮಿನ ಹುಚ್ಚು. ಹತ್ತಿರದ ನೆಟ್ ಸೆಂಟರಿನಲ್ಲಿ ಒಂದೇ ಕಂಪ್ಯೂಟರಿನ ಮುಂದೆ ನಾಲ್ವರೂ ಒತ್ತಿಕೊಂಡು ಕೂತು ಆಡುತ್ತಿದ್ದರು. ಒಂದು ಬೇಸಿಗೆಯ ಸಂಜೆ, ಕುದುರೆ ಏರಿ ಗುಡ್ಡ ದಾಟಿ ಇನ್ನೇನು ಕೋಟೆ ಕಾಣಬೇಕು, ಕರೆಂಟು ಕೈಕೊಟ್ಟಿತು. ನೆಟ್ ಸೆಂಟರಿನವನು ಎಲ್ಲರನ್ನೂ ಹೊರಗೆ ಹಾಕಿ ಶಟರ್ ಎಳೆದ. ಪ್ರೀತಿ ಅಳುವುದೊಂದು ಬಾಕಿ.

ಕತ್ತಲಲ್ಲಿ ಖೋಲಿಗೆ ನಡೆದು ಬರುವಾಗ ಸುನಂದಾ ಅಂದಳು, "ಕರೆಂಟ್ ಹೋದ್ರ ಹೋತು, ಕೋಟಿ ಎಲ್ಲಿ ಹೋಗ್ತದ? ಅಲ್ಲೇ ಅದ ನೋಡ್ರಿ. ಮ್ಯಾಲಿನ ಕಿಡಕ್ಯಾಗ ಯಾರೋ ಕಂದೀಲು ಹಚ್ಚ್ಯಾರ. ದಿನಾ ಸಂಜಿಕ ಹಚ್ತಾರಂತ, ಯಾರಂತ ಈ ಸೀಮಿಯೊಳಗ ಯಾರಿಗೂ ಗೊತ್ತಿಲ್ಲ. ಈಗ ನೀವೇನ್ ಮಾಡ್ತೀರಿ?"

"ಹೋಗಿ ನೋಡ್ತೀವಿ," ಎಂದಳು ಹಲೀಮಾ.

ಅಂದು ಹೊರಟ ಮೂವರು ಅವರು. ಪ್ರೀತಿ ಕತ್ತಿ ಹಿಡಿದಳು. ಅಫ್ಶೀನ್ ಕುದುರೆಗಳ್ಳಿಯಾದಳು, ಕೇಳದೆ ಒಂದು ಬಿಸ್ಕೀಟನ್ನೂ ಮುಟ್ಟದ ಅಫ್ಶೀನ್! ಹಲೀಮಾ ನೆಲಕ್ಕೆ ಕಿವಿ ಹಚ್ಚಿ ನೀರು ಎಲ್ಲಿದೆ ಎಂದು ಹೇಳುವವಳಾದಳು. ಉಳಿದದ್ದೆಲ್ಲ ಸುನಂದಾ. ಅಂಬಿಗ, ದೆವ್ವ, ಸುಂಕದವನು, ಸುಂಕದವನ ಜಗಳಗಂಟಿ ಹೆಂಡತಿ, ಅವಳ ಆಡು, ಎಲ್ಲವೂ ಅವಳ ಬಾಯಿಂದ ಬರಬೇಕು. ಅವಳು ಹೇಳುವುದು, ಅವರು ದಾಳ ಹಾಕಿ ಮಾಡುವುದು. ಹೀಗೆ ದಾಳ ಹಿಡಿದು ಕಥೆಯಾಡುವ ಆಟ ಹೊರಗಿನ ದೇಶಗಳಲ್ಲಿ ಯಾವಾಗಿನಿಂದಲೋ ಇದೆ, ಅದಕ್ಕೆ ದಪ್ಪ ದಪ್ಪ ಪುಸ್ತಕಗಳಿವೆ ಎಂದು ಪುಣೆಯಿಂದ ಬಂದ ಪ್ರೀತಿಯ ಅಣ್ಣನೊಬ್ಬ ಹೇಳಿದಾಗ ನಾಲ್ವರಿಗೂ ಮುಖ ಸಪ್ಪಗಾಯಿತು. ತಾವೇ ಕಂಡುಹಿಡಿದದ್ದು ಅಂದುಕೊಂಡಿದ್ದರು ಪಾಪ. ಅವನು ಕೊಟ್ಟ ನಿಯಮಗಳನ್ನು ಓದಿ ನೋಡಿದರು. ತಲೆ ತಿರುಗಿತು. ತಮ್ಮದೇ ವಾಸಿ ಎಂದು ಬಿಟ್ಟುಬಿಟ್ಟರು.

ಅವರ ನಿಯಮ ಸಣ್ಣದು. ಯಾರನ್ನೂ ಬಿಟ್ಟು ಹೋಗುವಂತಿಲ್ಲ. ಆಟಕ್ಕೆ ಒಬ್ಬಳು ಬಾರದಿದ್ದರೆ ಅವಳ ಗೊಂಬೆಯನ್ನು ಅಡ್ಡ ಮಲಗಿಸಬೇಕು. ಅವಳು ನಿದ್ದೆಯಲ್ಲಿದ್ದಾಳೆಂದು ತಿಳಿದು ಉಳಿದವರು ಹೊತ್ತುಕೊಂಡು ನಡೆಯಬೇಕು.

ನೆಲ ಬೇಕಲ್ಲ ನಡೆಯುವುದಕ್ಕೆ? ಅದು ಸುನಂದಾಳ ಊರು ಕಮಲಾಪುರದಿಂದ ಬಂತು. ಸುನಂದಾಳ ಅವ್ವ ನೀಲಗಂಗಮ್ಮ ಹಳೆ ಸೀರೆ, ಹಳೆ ಅಂಗಿ ಕೂಡಿಸಿ ಕೌದಿ ಹೊಲಿಯುವುದರಲ್ಲಿ ಓಣಿಗೇ ಹೆಸರಾದವಳು. ಅವಳ ಗಂಟಿನಿಂದ ತುಂಡು ಎತ್ತಿ ಸುನಂದಾ ಒಂದು ಕೌದಿ ಶುರು ಮಾಡಿದಳು. ನೀಲಿ ಲಂಗದ ತುಂಡು ಕೆರೆಯಾಯಿತು, ಹಸಿರು ಕುಪ್ಪಸದ ತುಂಡು ಅಡವಿಯಾಯಿತು, ಹರಿದ ಕೊಡೆಯ ಕರಿ ಬಟ್ಟೆ ಕೋಟೆಯಾಯಿತು. ಕಿಟಕಿಯಲ್ಲಿ ಒಂದು ಹಳದಿ ದಾರದ ಚುಕ್ಕೆ, ಅದೇ ಕಂದೀಲು.

ಓದು ಮುಗಿಯಿತು. ಪ್ರೀತಿಗೆ ಯಾದಗಿರಿಯಲ್ಲಿ ಬ್ಯಾಂಕಿನ ನೌಕರಿ. ಅಫ್ಶೀನಳಿಗೆ ಮದುವೆಯಾಗಿ ಜಗತ್ ಸರ್ಕಲ್ಲಿನಲ್ಲೇ ಮನೆ, ಸುನಂದಾಳ ಲ್ಯಾಬಿನಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಹಲೀಮಾಳಿಗೆ ಸರ್ಕಾರಿ ಶಾಲೆಯ ಟೀಚರ್ ಕೆಲಸ, ಅದೂ ಕಮಲಾಪುರದಲ್ಲೇ. ಹಾಗಾಗಿ ಆಟವೂ ಕಮಲಾಪುರಕ್ಕೆ ಬಂತು. ಭಾನುವಾರ ಸುನಂದಾ ಕೌದಿಯ ಗಂಟು ಹಿಡಿದು ಬಸ್ಸು ಹತ್ತಿ ಅವ್ವನ ಮನೆಗೆ ಬರುವಳು. ಪಡಸಾಲೆಯ ಶಹಾಬಾದ್ ಕಲ್ಲಿನ ಮೇಲೆ ಕೌದಿ ಹಾಸುವಳು. ಹಲೀಮಾ ಬಂದು ಕೂಡುವಳು. ಉಳಿದಿಬ್ಬರು ಫೋನಿನಲ್ಲಿ. ಫೋನನ್ನು ಸ್ಟೀಲಿನ ತಂಬಿಗೆಗೆ ಆನಿಸಿ ಇಟ್ಟರೆ ದನಿ ಚೆನ್ನಾಗಿ ಬರುತ್ತಿತ್ತು. ಮನೆಯಲ್ಲಿದ್ದ ಸುನಂದಾಳ ಅಣ್ಣ, ಅತ್ತಿಗೆ ಮೊದಮೊದಲು ನಕ್ಕರು, ಆಮೇಲೆ ನಗುವುದಕ್ಕೂ ಬೇಸರ ಬಂದು ಸುಮ್ಮನಾದರು.

ಸುನಂದಾಳ ವಾರವೆಲ್ಲ ಆ ಒಂದು ಮಧ್ಯಾಹ್ನದ ಸುತ್ತ ತಿರುಗುತ್ತಿತ್ತು. ಹಲ್ಲು ಜೋಡಿಸುತ್ತ ಸುಂಕದವನ ಮಾತು ಯೋಚಿಸುವಳು, ಪ್ಲಾಸ್ಟರ್ ಒಣಗುವ ತನಕ ದೆವ್ವಕ್ಕೆ ಹೆಸರು ಹುಡುಕುವಳು. ಅವಳು ಇಷ್ಟು ಮಾತು ಬಲ್ಲವಳು ಎಂದು ಲ್ಯಾಬಿನ ಮಾಲೀಕರಿಗೆ ಹೇಳಿದರೆ ನಂಬುವುದಿಲ್ಲ.

ಒಂದು ಭಾನುವಾರ ಗೊಂಬೆಗಳು ಕೋಟೆಗೆ ಒಂದು ಗೇಣು ದೂರದಲ್ಲಿದ್ದವು. ಫೋನಿನಲ್ಲಿ ಪ್ರೀತಿ ಖುಷಿಯಿಂದ ಅಂದಳು, "ಮುಂದಿನ ವಾರ ಮುಟ್ತೀವಿ ನೋಡ್ರಿ. ಇದೊಂದು ಮುಗೀತಂದ್ರ ಸಂಡೇ ನನಗೂ ಒಂದೀಟು ಮಲಗಾಕ ಸಿಗ್ತದ."

ಎಲ್ಲರೂ ನಕ್ಕರು. ಸುನಂದಾಳೂ ನಕ್ಕಳು. ಆದರೆ ಸಂಜೆಯ ಬಸ್ಸಿನಲ್ಲಿ ಕಲಬುರಗಿಗೆ ಬರುವಾಗ ಆ ಮಾತು ಎದೆಯಲ್ಲಿ ಚುಚ್ಚಿ ಕೂತಿತ್ತು. ಮುಗಿದರೆ? ಮುಗಿದ ಮೇಲಿನ ಭಾನುವಾರ ಏನು? ಕೋಟನೂರಿನ ಖೋಲಿ ಕಣ್ಣ ಮುಂದೆ ಬಂತು. ಅವಳಿಗೆ ಭಯವಾಯಿತು. ಹುಲಿ ಹಾವು ಕಂಡ ಭಯದಂತಹದೇ ಭಯ.

ಮುಂದಿನ ಭಾನುವಾರ ಗೊಂಬೆಗಳಿಗೂ ಕೋಟೆಗೂ ನಡುವೆ ಒಂದು ಹೊಳೆ ಹರಿಯುತ್ತಿತ್ತು. ಕೋಟೆಯ ಹೊಲಿಗೆ ಬಿಚ್ಚಿ, ಕೌದಿಯ ಅಂಚಿಗೆ ಇನ್ನೊಂದು ತುಂಡು ಜೋಡಿಸಿ, ಕೋಟೆಯನ್ನು ಆ ತುಂಡಿನ ತುದಿಗೆ ಹೊಲಿದಿದ್ದಳು. ಗೆಳತಿಯರಿಗೆ ಹೊಳೆ ಬಹಳ ಹಿಡಿಸಿತು. ದಾಟುವುದಕ್ಕೆ ಒಂದು ಮಳೆಗಾಲ ಹಿಡಿಯಿತು. ದಾಟಿದ ಮೇಲೆ ಕೆಸರು ಬಂತು. ಕೆಸರಿನಾಚೆ ಕುರುಡರ ಊರು. ಊರಿನಾಚೆ ಗುಡ್ಡ. ಮೂವರು ಹತ್ತಿರ ಬಂದಷ್ಟೂ ಕೋಟೆ ಹಿಂದೆ ಸರಿಯಿತು. ಕಥೆ ಹೇಳುವವರಿಗೆ ಈ ಚಟ ಹತ್ತಿದರೆ ಬಿಡುವುದು ಕಷ್ಟ, ಅದರಲ್ಲೂ ಕೇಳುವವರನ್ನು ಬಿಟ್ಟರೆ ಬೇರೆ ಗತಿಯಿಲ್ಲದವರಿಗೆ.

ಕೌದಿ ಬೆಳೆಯುತ್ತಾ ಪಡಸಾಲೆಯ ಹೊಸ್ತಿಲು ಮುಟ್ಟಿತು. ನೀಲಗಂಗಮ್ಮ ಅದನ್ನು ದಾಟಿ ಅಡುಗೆ ಮನೆಗೆ ಹೋಗುವಾಗ ಸೀರೆಯ ನೆರಿಗೆ ಎತ್ತಿಕೊಳ್ಳುವಳು. "ಯಾರಿಗಿ ಹೊಚ್ಚಾಕಬೇ ಇದು, ಆನಿಗೇನು? ಕೌದಿ ಅಂದಮ್ಯಾಗ ನಾಕು ಮೂಲಿ ಕೂಡಿಸಿ ಮುಗಸಬೇಕು. ಮುಗೀದಿದ್ರ ಅದು ಚಿಂದಿ ಗಂಟು," ಎನ್ನುವಳು. ಸುನಂದಾ ಕೇಳಿಯೂ ಕೇಳದಂತೆ ಸೂಜಿಗೆ ದಾರ ಪೋಣಿಸುವಳು.

ಮೊದಲು ನಿಂತದ್ದು ಪ್ರೀತಿಯ ಫೋನು. ಬ್ಯಾಂಕಿನಲ್ಲಿ ವರ್ಷದ ಕೊನೆಯ ಕೆಲಸ ಅಂದಳು, ಆಮೇಲೆ ನೆಂಟರ ಮದುವೆ ಅಂದಳು, ಆಮೇಲೆ ಕಾರಣ ಹೇಳುವುದನ್ನೂ ಬಿಟ್ಟಳು. ಕತ್ತಿಯವಳನ್ನು ಅಡ್ಡ ಮಲಗಿಸಿದರು. ಅಫ್ಶೀನ್ ಕೆಲವು ದಿನ ಇದ್ದಳು. ಮಗು ಅಳುವ ಸದ್ದಿನ ನಡುವೆ "ಹಾಂ ಹಾಂ, ಕುದುರಿ ಬಿಚ್ಚಿದೆ, ಮುಂದ?" ಎನ್ನುತ್ತಿದ್ದಳು. ಅವಳ ಗೊಂಬೆಯೂ ಮಲಗಿತು.

ಒಂದು ಸಂಜೆ ಜಗತ್ ಸರ್ಕಲ್ಲಿನ ಗದ್ದಲದಲ್ಲಿ, ಹಣ್ಣಿನ ಬಂಡಿಯ ಮುಂದೆ ಅಫ್ಶೀನ್ ಎದುರಾದಳು. ಕೈ ಹಿಡಿದು ಮಾತಾಡಿಸಿದಳು. "ಸುನಂದಾ, ನಿನ್ನ ಕೋಟಿ ಬಂತೇನಬೇ?"

"ಇನ್ನಾ ಸ್ವಲ್ಪ ಅದ. ಗುಡ್ಡ ಇಳದ್ರ ಆತು. ನೀ ಬಂದ್ರ ಬೇಗ ಆಗ್ತದ."

"ಇಲ್ಲಬೇ, ಈಗೆಲ್ಲಿ ಟೈಮು? ನಮ್ಮ ಆಮಿರ್ ಮೊಬೈಲ್‌ನಾಗ ಗೇಮ್ ಆಡ್ತಾನ ನೋಡು, ಎರಡು ದಿನದಾಗ ಖತಂ, ಮತ್ತ ಹೊಸದು. ನಿಂದು ನನ್ನ ಲಗ್ನಕ್ಕಿಂತ ಮೊದಲ ಶುರು ಆಗಿದ್ದು," ಎಂದು ನಕ್ಕು, ಮಗನನ್ನು ಎಳೆದುಕೊಂಡು ಜನರಲ್ಲಿ ಸೇರಿ ಹೋದಳು.

ಅವಳ ಮಾತಿನಲ್ಲಿ ಕೊಂಕು ಇರಲಿಲ್ಲ. ಅದಕ್ಕೇ ಸುನಂದಾಳಿಗೆ ಹೆಚ್ಚು ನೋವಾಯಿತು. ಸಿಟ್ಟು ಮಾಡಿಕೊಳ್ಳುವುದಕ್ಕೂ ಏನಾದರೂ ಸಿಗಬೇಕು. ಆ ದಿನ ಅವಳು ಹಣ್ಣು ಕೊಳ್ಳುವುದನ್ನೂ ಮರೆತು ಕೋಟನೂರಿನ ಆಟೋ ಹತ್ತಿದಳು.

ಉಳಿದವಳು ಹಲೀಮಾ ಒಬ್ಬಳೇ. ಅವಳು ತಪ್ಪಿಸಲಿಲ್ಲ. ರಂಜಾನಿನ ಉಪವಾಸದ ಭಾನುವಾರಗಳಲ್ಲೂ ಬಂದು, ಒಣಗಿದ ತುಟಿಯಲ್ಲೇ ದಾಳ ಹಾಕಿದಳು. ಆ ದಿನಗಳಲ್ಲಿ ನೀಲಗಂಗಮ್ಮ ತನ್ನ ಚಹಾವನ್ನು ಅಡುಗೆ ಮನೆಯ ಮೂಲೆಯಲ್ಲಿ ಕುಡಿದು, ಸಂಜೆ ಉಪವಾಸ ಬಿಡುವ ಹೊತ್ತಿಗೆ ಇರಲಿ ಎಂದು ಕೆಂಬಾಳೆ ಹಣ್ಣು ಕಟ್ಟಿ ಕೊಡುವಳು. ಮಲಗಿದ ಇಬ್ಬರನ್ನು ಹೊತ್ತು ಹಲೀಮಾಳ ಗೊಂಬೆ ನಿಧಾನವಾಗಿ ನಡೆಯುತ್ತಿತ್ತು. ಒಬ್ಬಳಾದರೂ ಕಥೆಗಾಗಿ ಬರುತ್ತಾಳಲ್ಲ ಎಂದು ಸುನಂದಾ ಹೆಮ್ಮೆಪಟ್ಟಿದ್ದಳು. ಆ ಹೆಮ್ಮೆಯ ಮೇಲೆ ಅವಳ ವಾರ ನಿಂತಿತ್ತು.

ಈ ವರ್ಷದ ಒಂದು ಭಾನುವಾರ ಹಲೀಮಾ ಬಂದವಳು, ಬುರ್ಖಾ ತೆಗೆದು ಗೂಟಕ್ಕೆ ಹಾಕುವ ಮೊದಲೇ ಅಂದಳು, "ವರ್ಗ ಆಗ್ಯದ ಸುನಂದಾ. ಸುರಪುರಕ್ಕ. ಬುಧವಾರ ಹೋಗಿ ಹಾಜರಾಗ್ಬೇಕು."

ಸುರಪುರ ಹಲೀಮಾಳ ಗಂಡನ ಊರು. ಈ ವರ್ಗಕ್ಕಾಗಿ ಅವಳು ಎಷ್ಟು ಅಲೆದಿದ್ದಳು ಎಂಬುದು ಸುನಂದಾಳಿಗೆ ಗೊತ್ತಿತ್ತು. "ಚೊಲೋ ಆತು," ಅಂದಳು. ಅರ್ಧ ಮನಸ್ಸಿನಿಂದ ಅಂದಳು, ಇನ್ನರ್ಧ ಅಲ್ಲೇ ಮುದುಡಿ ಕೂತಿತು.

"ಹಂಗಾದ್ರ ಇವತ್ತು ಕೋಟಿ ಮುಟ್ಟಿಬಿಡೋಣು," ಎಂದಳು ಹಲೀಮಾ ಕೂಡುತ್ತ.

ಆ ವಾರ ಸುನಂದಾ ಒಂದು ಹೊಸ ತುಂಡು ಜೋಡಿಸಿದ್ದಳು. ಮಾಸಿದ ಹಳದಿ ಬಟ್ಟೆ, ಅದರಾಚೆ ಕೋಟೆ. ಇವತ್ತೊಂದು ದಿನವಾದರೂ ಅದನ್ನು ಮಡಚಿ ಇಡಬಹುದಿತ್ತು. ಆದರೆ ಅಭ್ಯಾಸ ಬಾಯಿಯಲ್ಲಿ ಮುಂದೆ ನಿಂತಿರುತ್ತದೆ. "ನೀವು ಗುಡ್ಡ ಇಳದ್ರಿ," ಎಂದು ಶುರು ಮಾಡಿದಳು. "ಎದುರಿಗಿ ನೋಡಿದ್ರ ಮರಳುಗಾಡು. ಕಣ್ಣು ಹರಿಯೋತನಾ ಮರಳು. ನೀರಿಲ್ಲ. ಈಗೇನ್ ಮಾಡ್ತಿ?"

ಹಲೀಮಾ ದಾಳವನ್ನು ಮುಷ್ಟಿಯಲ್ಲಿ ಹಿಡಿದಳು. ಆಮೇಲೆ ಅದನ್ನು ಹಾಕದೆ ನೆಲದ ಮೇಲಿಟ್ಟಳು. ಮಲಗಿದ್ದ ಎರಡು ಗೊಂಬೆಗಳನ್ನೂ ತನ್ನದನ್ನೂ ಕೈಯಲ್ಲಿ ಎತ್ತಿ, ಮರಳುಗಾಡು ದಾಟಿಸಿ, ಕೊಡೆ ಬಟ್ಟೆಯ ಕೋಟೆಯ ಮುಂದೆ ಸಾಲಾಗಿ ನಿಲ್ಲಿಸಿದಳು.

"ದಾಳ ಹಾಕ್ಬೇಕು," ಎಂದಳು ಸುನಂದಾ.

"ಹಾಕಂಗಿಲ್ಲ."

"ನಿಯಮ ಅದ, ಹಲೀಮಾ."

"ಕೋಟಿ ಸರಿಸೋದು ಯಾವ ನಿಯಮದಾಗ ಅದ?"

ಹಲೀಮಾ ಬಗ್ಗಿ ಕೌದಿಯ ಮೇಲೆ ಬೆರಳು ಇಟ್ಟು ತೋರಿಸಿದಳು. ಹೊಳೆಯ ದಂಡೆಯಲ್ಲಿ ಚೌಕಾಕಾರವಾಗಿ ಸೂಜಿಯ ಸಣ್ಣ ತೂತುಗಳು. ಕೆಸರಿನ ಆಚೆ ಅದೇ ಅಳತೆಯ ಇನ್ನೊಂದು ಚೌಕ. ಕುರುಡರ ಊರಿನ ಪಕ್ಕ ಮತ್ತೊಂದು. ಕೋಟೆ ಎಲ್ಲೆಲ್ಲಿ ಇತ್ತೋ ಅಲ್ಲೆಲ್ಲ ಬಿಚ್ಚಿದ ಹೊಲಿಗೆಯ ಗುರುತು ಹಾಗೇ ಉಳಿದಿತ್ತು. ದಿನಾ ಸೂಜಿ ಹಿಡಿಯುವ ಸುನಂದಾಳಿಗೆ ಅದು ಕಂಡಿರಲಿಲ್ಲ ಎಂದರೆ ಕಾಣಬಾರದು ಎಂದೇ ಕಂಡಿರಲಿಲ್ಲ.

"ಪ್ರೀತಿಗೂ ಗೊತ್ತಿತ್ತು. ಫೋನಿನ್ಯಾಗ ಕೇಳ್ಕೋತನ ಆಕಿಗಿ ತಿಳೀತು. ಅಫ್ಶೀನಗೂ ಹೇಳೀನಿ," ಎಂದಳು ಹಲೀಮಾ. ದನಿಯಲ್ಲಿ ಸಿಟ್ಟಿರಲಿಲ್ಲ. "ನೀನ ಒಂದಿನ ಬಾಗಿಲಾ ತೆರೀತಿ ಅಂತ ಕಾದ್ವಿ. ಅವರಿಗಿ ಸಾಕಾತು."

"ಗೊತ್ತಿದ್ದೂ ನೀ ಯಾಕ ಬರ್ತಿದ್ದಿ ಮತ್ತ?"

"ಕೋಟಿ ಸಲುವಾಗಿ ಬರ್ತಾಳ ಅಂತ ತಿಳ್ಕೊಂಡಿದ್ದೇನು? ನಿನ್ನ ಸಲುವಾಗಿ ಬರ್ತಿದ್ದೆ."

ಬೇರೆ ಯಾರಿಗಾದರೂ ಈ ಮಾತು ಹಾಲು ಕುಡಿದಷ್ಟು ಹಿತವಾಗುತ್ತಿತ್ತು. ಸುನಂದಾಳಿಗೆ ಕೆನ್ನೆಗೆ ಹೊಡೆದಂತಾಯಿತು. ಇಷ್ಟು ವರ್ಷ ಒಬ್ಬಳು ತನ್ನ ಕಥೆಗೆ ಬಂದು ಕೂಡುತ್ತಾಳೆ ಎಂದು ಬೀಗಿದ್ದಳು. ಬಂದದ್ದು ಕನಿಕರದಿಂದ ಎಂದು ಈಗ ತಿಳಿಯಿತು. ಕಣ್ಣು ತುಂಬಿ ಬಂತು, ನಾಚಿಕೆಯಾಯಿತು, ಎದ್ದು ಹೋಗಿಬಿಡಬೇಕು ಅನಿಸಿತು. ಅವಳದೇ ಮನೆ, ಎದ್ದು ಹೋಗುವುದಾದರೂ ಎಲ್ಲಿಗೆ?

"ಮೂರ ದಿನ ಬಿಟ್ರ ನಾ ಇರಂಗಿಲ್ಲ," ಎಂದಳು ಹಲೀಮಾ. "ಈಗ ಬಾಗಿಲಾ ತೆರಿ. ಒಳಗ ಯಾರಿದ್ದಾರ?"

ಸುನಂದಾ ಹೊಳೆಗೆ ಮೀನು ಬಿಟ್ಟಿದ್ದಳು, ಕುರುಡರ ಊರಿನ ಒಂದೊಂದು ಮನೆಗೂ ಹೆಸರು ಕೊಟ್ಟಿದ್ದಳು, ಸುಂಕದವನ ಹೆಂಡತಿಯ ತವರು ಯಾವುದೆಂದು ಕೂಡ ಅವಳಿಗೆ ಗೊತ್ತಿತ್ತು. ಕೋಟೆಯ ಒಳಗೆ ಏನಿದೆ ಎಂದು ಮಾತ್ರ ಒಂದು ದಿನವೂ ಯೋಚಿಸಿರಲಿಲ್ಲ. ಮುಟ್ಟುವುದೇ ಬೇಡ ಎಂದಿದ್ದವಳು ಒಳಗಿನದನ್ನು ಯಾಕೆ ಕಟ್ಟಿಯಾಳು?

"ಒಳಗ ಒಬ್ಬಾಕಿ ರಾಜನ ಮಗಳು..." ಎಂದು ತೊದಲಿದಳು.

ಹಲೀಮಾ ತಲೆ ಅಲ್ಲಾಡಿಸಿದಳು. "ಸಾಲಿ ಹುಡುಗರಿಗಿ ಹೇಳಿದಂಗ ಹೇಳಬ್ಯಾಡ. ಕಂದೀಲು ಹಚ್ಚಾಕಿ ಯಾರು?"

ಅಡುಗೆ ಮನೆಯಲ್ಲಿ ನೀಲಗಂಗಮ್ಮ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದು ಒಂದೇ ಸಮ ಬರುತ್ತಿತ್ತು. ಸುನಂದಾ ಕೋಟೆಯ ಕಿಟಕಿಯ ಹಳದಿ ಚುಕ್ಕೆಯ ಮೇಲೆ ಬೆರಳಿಟ್ಟಳು.

"ನಾನ," ಎಂದಳು ಕೊನೆಗೆ.

"ಯಾಕ ಹಚ್ತಿದ್ದಿ?"

"ನೀವು ಬರ್ಲಿ ಅಂತ."

"ಬಂದ್ರ ಯಾಕ ದೂರ ಸರೀತಿದ್ದಿ?"

"ಬಂದ್ರ ನೋಡಿ ಹೋಗಿಬಿಡ್ತೀರಲ್ಲ."

ಹಲೀಮಾ ತನ್ನ ಗೊಂಬೆಯನ್ನು ಒಂದು ಹೆಜ್ಜೆ ಮುಂದಿಟ್ಟಳು. "ಬಾಗಿಲಾ ತೆರದದ ಈಗ. ಹೊರಗ ಬಾ, ಸುನಂದಾ."

"ಬಂದು ಎಲ್ಲಿಗಿ ಹೋಗ್ಲಿ?"

ಈ ಆಟದಲ್ಲಿ ಯಾವಾಗಲೂ ಕೇಳುವವಳು ಸುನಂದಾ, ಉತ್ತರ ಹುಡುಕುವವಳು ಹಲೀಮಾ. ಯಾವ ಕೆಸರಿನಲ್ಲಿ ಸಿಕ್ಕಿಬಿದ್ದಾಗಲೂ ಅವಳು ಏನಾದರೊಂದು ಉಪಾಯ ಹೇಳಿದ್ದಳು. ಈ ಸಲ ಮಾತ್ರ ಸುನಂದಾಳ ಕೈ ಹಿಡಿದುಕೊಂಡು, ಅವ್ವ ರೊಟ್ಟಿ ಮುಗಿಸಿ ಊಟಕ್ಕೆ ಕರೆಯುವ ತನಕ ಹಾಗೇ ಕೂತಿದ್ದಳು.

ಊಟವಾಯಿತು. ಶೇಂಗಾ ಹಿಂಡಿ ಖಾರವಾಗಿದೆ ಎಂದು ಮಾತಾಡಿಕೊಂಡರು. ಹಲೀಮಾ ನೀಲಗಂಗಮ್ಮನಿಗೆ "ಬರ್ತೀನ್ರಿ ಅವ್ವಾ," ಎಂದಳು. ನೀಲಗಂಗಮ್ಮ ಅವಳ ತಲೆ ಸವರಿ, "ಚೊಲೋ ಇರು, ನನ್ನವ್ವ," ಎಂದಳು. ಸುನಂದಾ ಓಣಿಯ ತುದಿಯ ತನಕ ಹೋಗಿ ಕಳಿಸಿ ಬಂದಳು. ಸಂಜೆಯ ಬಸ್ಸಿನಲ್ಲಿ ಕಲಬುರಗಿಗೆ ಬಂದಳು.

ಆಮೇಲಿನ ಭಾನುವಾರ ಅವಳು ಕಮಲಾಪುರಕ್ಕೆ ಹೋಗಲಿಲ್ಲ. ಖೋಲಿ ಗುಡಿಸಿದಳು, ಒರೆಸಿದಳು, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಮಧ್ಯಾಹ್ನ ಆಟದ ಹೊತ್ತಿಗೆ ಫೋನು ತೆಗೆದು ನಾಲ್ವರ ಹಳೆಯ ಗ್ರೂಪು ಹುಡುಕಿದಳು. ಎಲ್ಲೋ ಕೆಳಗೆ ಹೋಗಿ ಬಿದ್ದಿತ್ತು. ಅದರಲ್ಲಿ ಕೊನೆಗೆ ಬಂದದ್ದು ಯಾವುದೋ ಹಬ್ಬದ ಶುಭಾಶಯ. ಅದರ ಕೆಳಗೆ ಬರೆದಳು: "ಕೋಟಿ ಮುಟ್ಟಿದಿವಿ. ನಿಮ್ಮಿಬ್ಬರನ್ನೂ ಹೊತ್ಕೊಂಡು ಬಂದಾಳ ಹಲೀಮಾ."

ಪ್ರೀತಿ ಒಂದು ಹೆಬ್ಬೆರಳಿನ ಚಿತ್ರ ಕಳಿಸಿದಳು. ಸ್ವಲ್ಪ ಹೊತ್ತಿಗೆ ಅಫ್ಶೀನ್ ಬರೆದಳು: "ಮುಬಾರಕ್. ಒಳಗ ಯಾರಿದ್ರು?"

ಸುನಂದಾ ಏನೇನೋ ಬರೆದಳು. ಓದಿದಳು, ಅಳಿಸಿದಳು. ಮತ್ತೆ ಬರೆದಳು, ಮತ್ತೆ ಅಳಿಸಿದಳು. ಬ್ಯಾಂಕಿನವಳು ಭಾನುವಾರದ ನಿದ್ದೆಗೆ ಬಿದ್ದಿರುತ್ತಾಳೆ, ಅಫ್ಶೀನಳ ಮನೆಯಲ್ಲಿ ನೆಂಟರಿರುತ್ತಾರೆ, ಅವರಿಗೆ ಇದನ್ನೆಲ್ಲ ಹೇಗೆ ಹೇಳುವುದು? ಕೊನೆಗೆ ಎರಡೇ ಶಬ್ದ ಕಳಿಸಿದಳು: "ಯಾರೂ ಇರಲಿಲ್ಲ."

ಫೋನನ್ನು ಬೋರಲು ಇಟ್ಟು ಚಹಾಕ್ಕೆ ನೀರಿಟ್ಟಳು. ನೀರು ಕುದಿಯುವ ಮೊದಲೇ ಫೋನು ಒಂದು ಸಲ ಸದ್ದು ಮಾಡಿತು. ಸುರಪುರದಿಂದ ಹಲೀಮಾ ಬರೆದಿದ್ದಳು.

"ಇದ್ದಳು. ನಾ ನೋಡೀನಿ."